ಕಲ್ಯಾಣದ ದ್ವಾರಪಾಲಕ: ಯುದ್ಧದ ಕೊಳ್ಳೆ ಮತ್ತು ಪ್ರತ್ಯರ್ಪಣೆಯ ಪ್ರಶ್ನೆ

ಯುದ್ಧದಲ್ಲಿ ಕೊಳ್ಳೆಹೋದ ಕಲಾಕೃತಿಗಳ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಶ್ರೀರಂಗಪಟ್ಟಣದಿಂದ ಆರಂಭವಾಗುತ್ತದೆ. 1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಲಾಯಿತು. ಅವನ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಕೊಂಡೊಯ್ದವರು ಯಾರು, ಕಳೆದುಕೊಂಡವರು ಯಾರು ಎಂಬುದು ಸ್ಪಷ್ಟ. ಅದಕ್ಕಿಂತ ಏಳೂವರೆ ಶತಮಾನ ಹಿಂದಿನ ಇನ್ನೊಂದು ನಿದರ್ಶನ ಅಷ್ಟು ಸರಳವಲ್ಲ.

11ನೆಯ ಶತಮಾನದ ನಡುಭಾಗದಲ್ಲಿ ಚೋಳ ದೊರೆ ಮೊದಲನೆಯ ರಾಜಾಧಿರಾಜನು ಚಾಲುಕ್ಯ ಆಹವಮಲ್ಲ ಸೋಮೇಶ್ವರನ ರಾಜಧಾನಿಯಾದ ಕಲ್ಯಾಣವನ್ನು, ಎಂದರೆ ಇಂದಿನ ಬಸವಕಲ್ಯಾಣವನ್ನು, ಸುಟ್ಟು ಅಲ್ಲಿಂದ ಶಿಲೆಯ ದ್ವಾರಪಾಲಕನೊಬ್ಬನನ್ನು ಒಯ್ದನು. ವಿಜಯರಾಜೇಂದ್ರದೇವನು ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕನಿವನು ಎಂಬುದು ವಿಗ್ರಹದ ಪೀಠದಲ್ಲಿರುವ ತಮಿಳು ಶಾಸನದ ತಾತ್ಪರ್ಯ. ಈ ವಿಗ್ರಹವು ದಾರಾಸುರದ ಐರಾವತೇಶ್ವರ ದೇವಾಲಯದಲ್ಲಿತ್ತು. ಆ ದೇವಾಲಯ 12ನೆಯ ಶತಮಾನದ್ದಾದುದರಿಂದ ವಿಗ್ರಹವು ನಡುವೆ ಬೇರೆಡೆ ಇದ್ದಿರಲೇಬೇಕು. ಈಗ ಅದು ತಂಜಾವೂರಿನ ಕಲಾಸಂಗ್ರಹಾಲಯದಲ್ಲಿದೆ.

ಕೃತಿಯ ಮೂಲಶೋಧವೆಂದರೆ ಅದು ಕೈಯಿಂದ ಕೈಗೆ ಸಾಗಿದ ದಾರಿಯನ್ನು ಮಾರಾಟದ ಪತ್ರ, ಹರಾಜಿನ ಪಟ್ಟಿ, ಹಳೆಯ ಛಾಯಾಚಿತ್ರಗಳಿಂದ ಜೋಡಿಸುವ ಕೆಲಸ. ಕಳ್ಳನು ಆ ದಾರಿಯನ್ನು ಮರೆಮಾಡುತ್ತಾನೆ. ವಿಜೇತನು ಕೊಳ್ಳೆಯನ್ನೇ ಪ್ರಶಸ್ತಿಯಾಗಿ ಕೆತ್ತಿಸುತ್ತಾನೆ. ಹೀಗಾಗಿ ಕಲ್ಯಾಣದ ನಷ್ಟಕ್ಕೆ ಪ್ರಬಲ ಸಾಕ್ಷ್ಯ ದೊರೆಯುವುದು ಕನ್ನಡದಲ್ಲಲ್ಲ, ಗೆದ್ದವನ ಭಾಷೆಯಲ್ಲಿ.

ಗೆದ್ದವರ ಸಾಲಿನಲ್ಲಿ ನಮ್ಮವರೂ ಇದ್ದಾರೆ. 1514ರಲ್ಲಿ ಉದಯಗಿರಿಯನ್ನು ಗೆದ್ದ ಕೃಷ್ಣದೇವರಾಯನು ಅಲ್ಲಿಂದ ತಂದ ಬಾಲಕೃಷ್ಣನನ್ನು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಾಪಿಸಿದುದನ್ನು ಅಲ್ಲಿಯ ಕೃಷ್ಣ ದೇವಾಲಯದ ಶಾಸನವೇ ಹೇಳುತ್ತದೆ. ಆ ವಿಗ್ರಹ ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಹಂಪಿಗೆ ಕೇಳುವವರು ಉದಯಗಿರಿಗೂ ಉತ್ತರ ಹೇಳಬೇಕಾಗುತ್ತದೆ.

ಕಾನೂನಿನಿಂದ ಇಲ್ಲಿ ನೆರವಿಲ್ಲ. 1970ರ ಯುನೆಸ್ಕೊ ಒಪ್ಪಂದ ಪೂರ್ವಾನ್ವಯವಾಗುವುದಿಲ್ಲ. 1998ರ ವಾಷಿಂಗ್ಟನ್ ತತ್ತ್ವಗಳು ನಾತ್ಸಿಗಳು ಕಸಿದ ಕೃತಿಗಳಿಗೆ ಸಂಬಂಧಿಸಿದವು. ಮೇಲಾಗಿ ಕಲ್ಯಾಣ, ತಂಜಾವೂರು ಎರಡೂ ಇಂದು ಒಂದೇ ದೇಶದಲ್ಲಿವೆ. ಹಾಗಿದ್ದರೆ ವಾರಸುದಾರರು ಯಾರು? ಕರ್ನಾಟಕ ಎಂಬ ಉತ್ತರ ಸಾಲದು. ಕಲ್ಯಾಣದ ಚಾಲುಕ್ಯರ ಶಾಸನಗಳು ಆಲಂಪುರದಲ್ಲಿಯೂ ಇವೆ. ಆಲಂಪುರ, ಗದ್ವಾಲ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು, ಇಂದು ತೆಲಂಗಾಣದಲ್ಲಿವೆ. ಕೆ.ಟಿ. ದೊಡ್ಡಿಯ ಕನ್ನಡಿಗನಿಗೆ ಈ ಪರಂಪರೆಯಲ್ಲಿ ಪಾಲಿದೆ; ಆದರೆ ಅವನ ಪರವಾಗಿ ಅದನ್ನು ಕೇಳುವ ರಾಜ್ಯವಿಲ್ಲ.

ಆದುದರಿಂದ ವಿಗ್ರಹವನ್ನು ಸಾಗಿಸುವ ಬೇಡಿಕೆಗಿಂತ ಮೊದಲು ಅದರ ಚರಿತ್ರೆಯನ್ನು ಮರಳಿಸಬೇಕು: ತಂಜಾವೂರಿನಲ್ಲಿ ತಮಿಳಿನೊಡನೆ ಕನ್ನಡದ ವಿವರಣ ಫಲಕ, ಬಸವಕಲ್ಯಾಣದಲ್ಲಿಯೂ ಆಲಂಪುರದಲ್ಲಿಯೂ ವಿಗ್ರಹದ ಅಚ್ಚುಪ್ರತಿ, ಶಾಸನದ ಪಡಿಯಚ್ಚು ಮತ್ತು ಅನುವಾದ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಎರಡೂ ಭಾಷೆಗಳನ್ನು ಓದಬಲ್ಲವರು ಬೇಕು.