ರಬ್ಬರಿನ ಅಂಚು ಕಳೆಯುವ ಮಣಿಗಳು

ಪುಣೆಯ ಭೋಸರಿ, ಚಾಕಣ ಕಡೆಯ ಕಾರಖಾನೆಗಳಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಕೆಲವರಿಗಾದರೂ ಈ ವಿಷಯ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಮೋಟಾರು ಗಾಡಿಯ ಓ-ರಿಂಗು, ಬುಶ್ಶು ಮೊದಲಾದ ರಬ್ಬರು ಸಾಮಾನುಗಳನ್ನು ಅಚ್ಚಿನಿಂದ ತೆಗೆದಾಗ, ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆಯಲ್ಲಿ ತೆಳ್ಳನೆಯ ಪೊರೆ ಉಳಿದಿರುತ್ತದೆ. ಅದನ್ನು ಫ್ಲ್ಯಾಶ್ ಎನ್ನುವರು. ಕತ್ತರಿ ಹಿಡಿದು ಒಂದೊಂದಾಗಿ ಬಿಡಿಸುವುದು ಕಣ್ಣಿಗೂ ಬೆರಳಿಗೂ ಶಿಕ್ಷೆಯೇ ಸರಿ. ಈ ಕೆಲಸಕ್ಕೆ ಶೀತಯಂತ್ರವೊಂದುಂಟು. ಸಾಮಾನನ್ನು ತಿರುಗುವ ಬುಟ್ಟಿಯಲ್ಲಿ ಹಾಕಿ, ದ್ರವ ನೈಟ್ರೋಜನ್ ಬಿಟ್ಟು ತಣಿಸುತ್ತಾರೆ. ಆ ದ್ರವ ಕುದಿಯುವುದೇ ಸೊನ್ನೆಗಿಂತ 196 ಡಿಗ್ರಿ ಕೆಳಗೆ! ತೆಳ್ಳಗಿರುವ ಪೊರೆ ಮೊದಲು ಹೆಪ್ಪುಗಟ್ಟಿ ಹಪ್ಪಳದಂತಾಗುತ್ತದೆ. ದಪ್ಪನೆಯ ಮೈ ಇನ್ನೂ ಸ್ವಲ್ಪ ಬಾಗುವಂತಿರುತ್ತದೆ. ಆಗ ಚಕ್ರವೊಂದು ವೇಗವಾಗಿ ತಿರುಗಿ ಸಣ್ಣ ಮಣಿಗಳನ್ನು ಬುಟ್ಟಿಯ ಮೇಲೆ ಎಸೆಯುತ್ತದೆ. ಪೊರೆ ಮುರಿದು ಉದುರುತ್ತದೆ.

ಮಣಿ ಯಾವುದಿರಬೇಕು? ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬೇರೆ ಅನೇಕ ಪ್ಲಾಸ್ಟಿಕ್‌ಗಳು ಆ ಚಳಿಯಲ್ಲಿ ತಾವೇ ಒಡೆದು ಪುಡಿಯಾಗುವವು. ಇದು ಗಟ್ಟಿಯಾಗಿ ತಡೆದುಕೊಳ್ಳುತ್ತದೆ. ಉಕ್ಕಿನ ಮಣಿ ಇದಕ್ಕಿಂತ ಆರು ಪಟ್ಟಿಗೂ ಹೆಚ್ಚು ಭಾರ. ರಬ್ಬರಿನ ಮೈಯನ್ನೇ ಗಾಯಮಾಡೀತು.

ನಿಜವಾದ ಪೇಚಾಟವಿರುವುದು ಮಣಿಯ ಗಾತ್ರದಲ್ಲಿ. ಮಣಿಯ ಅಳತೆ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಆದ್ದರಿಂದ ಪೊರೆ ದಪ್ಪವಿದ್ದಲ್ಲಿ ದೊಡ್ಡ ಮಣಿ ಬೇಕು. ಆದರೆ ದೊಡ್ಡದು ಮೂಲೆಗೂ ರಂಧ್ರಕ್ಕೂ ಹೋಗದು. ಅಲ್ಲಿಗೆ ಅರ್ಧ ಮಿಲಿಮೀಟರಿನ ಆಸುಪಾಸಿನದೇ ಸರಿ. ರಂಧ್ರವೂ ಮಣಿಯೂ ಒಂದೇ ಅಳತೆಯಾದರೆ ಕೆಟ್ಟಿತೆಂದೇ ತಿಳಿಯಿರಿ. ನಾನೊಂದು ಕಡೆ ಇದನ್ನು ಕಣ್ಣಾರೆ ಕಂಡೆ. ಸುಮಾರು ಒಂದು ಮಿಲಿಮೀಟರ್ ತೂತಿನ ಸಾಮಾನಿಗೆ, ಪೊರೆ ಬಿಡುತ್ತಿಲ್ಲವೆಂದು ಒಂದು ಮಿಲಿಮೀಟರಿನ ಮಣಿಯನ್ನೇ ಹಾಕಿಸಿದರು. ಮಣಿಗಳು ತೂತಿನಲ್ಲಿ ಕಚ್ಚಿಕೊಂಡವು. ನಾಲ್ಕು ಜನ ರಾತ್ರಿಯ ತನಕ ಸೂಜಿಯಿಂದ ಕುಟ್ಟಿ ತೆಗೆದರು. ಹಾಳಾದ ಮಾಲಿನ ನಷ್ಟವನ್ನು ಆ ಪಾಳಿಯವರ ಕೂಲಿಯಲ್ಲಿ ಹಿಡಿದರು. ಮಣಿಯನ್ನು ಆರಿಸಿದವರು ಮಾತ್ರ ಅವರಾಗಿರಲಿಲ್ಲ. ಇಂತಹ ಹುಕುಂ ಬಂದಾಗ ಮೊದಲು ಹತ್ತು ಸಾಮಾನು ಹಾಕಿ ತೋರಿಸುವುದು, ಮಣಿಯ ಅಳತೆಯನ್ನು ಪಾಳಿಯ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ರಬ್ಬರಿನ ಜಾತಿಯನ್ನೂ ನೋಡಬೇಕು. ಸಿಲಿಕೋನ್ ಸುಲಭವಾಗಿ ಸೆಡೆಯದು. ನೈಟ್ರೈಲಿಗಿಂತ ಬಹಳ ಹೆಚ್ಚು ಚಳಿ ಬೇಡುತ್ತದೆ. ಚಳಿ ಸಾಲದಿದ್ದರೆ ಎಂತಹ ಮಣಿಯೂ ಪುಟಿದು ಹಿಂದೆ ಬರುವುದು. ಚಳಿ ಅತಿಯಾದರೆ ಸಾಮಾನೇ ಬಿರಿಯುವುದು.

ಮಣಿಗಳನ್ನು ಒಣಗಿಸಿಯೇ ಹಾಕಬೇಕು. ಮುಂಬಯಿ ಕಡೆಯ ಮಳೆಗಾಲದಲ್ಲಿ ತೆರೆದಿಟ್ಟ ಮಣಿಗೆ ತೇವ ಹತ್ತಿದರೆ ಯಂತ್ರದೊಳಗೆ ಅದು ಮಂಜಾಗಿ ಮಣಿಗಳು ಉಂಡೆಗಟ್ಟುವವು. ಸವೆದ ಮಣಿಯನ್ನೂ ಉದುರಿದ ಪೊರೆಯನ್ನೂ ಜರಡಿಯಲ್ಲಿ ಬೇರ್ಪಡಿಸುತ್ತಿರಬೇಕು.

ಇನ್ನೊಂದು ಮಾತು, ಮಣಿಗಿಂತ ಮುಖ್ಯವಾದದ್ದು. ಒಂದು ಲೀಟರ್ ದ್ರವ ನೈಟ್ರೋಜನ್ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಕೋಣೆಯಲ್ಲಿ ಸೋರಿದರೆ ಉಸಿರಿನ ಆಮ್ಲಜನಕ ಕಡಿಮೆಯಾಗಿ, ಕೆಮ್ಮೂ ಬಾರದೆ ಮನುಷ್ಯ ಕುಸಿಯುತ್ತಾನೆ. ಆಮ್ಲಜನಕ ಅಳೆಯುವ ಉಪಕರಣ ಕೂಗಿಕೊಂಡರೆ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಬನ್ನಿ. ಒಳಗೆ ಯಾರಾದರೂ ಬಿದ್ದಿದ್ದರೆ ಎಳೆದು ತರಲು ಹಾಗೆಯೇ ನುಗ್ಗಬೇಡಿ. ಉಸಿರಾಟದ ಸಲಕರಣೆ ತೊಟ್ಟವರನ್ನೇ ಕರೆಯಿರಿ.