ಎಂಜಿನ್ ಆಯಿಲ್: ಡಬ್ಬಿಯ ಮೇಲಿನ ಅಂಕಿ ಓದುವುದು ಹೇಗೆ?

ಆಯಿಲ್ ಅಂಗಡಿಯ ಡಬ್ಬಿಗಳ ಮೇಲೆ 10ಡಬ್ಲ್ಯೂ-30, 20ಡಬ್ಲ್ಯೂ-40, 15ಡಬ್ಲ್ಯೂ-50 ಎಂದೆಲ್ಲ ಬರೆದಿರುತ್ತದೆ. ‘ನಮ್ಮದು ಬಿಸಿಲೂರು, ಮಂದ ಆಯಿಲ್ಲೇ ಕೊಡಿ’ ಎಂದು ಕೇಳಿ ಪಡೆಯುವವರಿದ್ದಾರೆ. ಆದರೆ ಯಾವ ಆಯಿಲ್ ಬೇಕೆಂಬುದನ್ನು ಊರಿನ ಬಿಸಿಲಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಎಂಜಿನ್ನಿನ ಒಳರಚನೆ.

ಎರಡು ಅಂಕಿ, ಎರಡು ಕೆಲಸ

ಈ ಗುರುತುಗಳು ಎಸ್‌ಎಇ ಸಂಸ್ಥೆಯ ಜೆ300 ಮಾನದಂಡದವು. ಡಬ್ಲ್ಯೂ ಎಂದರೆ ವಿಂಟರ್. ಅದಕ್ಕೆ ಮುಂಚೆ ಬರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಸ್ಟಾರ್ಟಿಂಗ್‌ಗೆ ಸಂಬಂಧಿಸಿದ ಪರೀಕ್ಷೆಯನ್ನು 10ಡಬ್ಲ್ಯೂಗೆ ಮೈನಸ್ 25 ಡಿಗ್ರಿಯಲ್ಲೂ 20ಡಬ್ಲ್ಯೂಗೆ ಮೈನಸ್ 15 ಡಿಗ್ರಿಯಲ್ಲೂ ಮಾಡುತ್ತಾರೆ. ಅಂಥ ಚಳಿ ಮಡಿಕೇರಿಯಲ್ಲೂ ಇಲ್ಲ. ಆದರೂ ಈ ಅಂಕಿಗೆ ಬೆಲೆಯಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ತಳಕ್ಕಿಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಅದು ಮೇಲಿನ ಭಾಗಗಳನ್ನು ಬೇಗ ಮುಟ್ಟಿದಷ್ಟೂ ಸವೆತ ಕಡಿಮೆ.

ಎರಡನೆಯ ಅಂಕಿ 100 ಡಿಗ್ರಿ ಕಾವಿನಲ್ಲಿ ಆಯಿಲ್ ಎಷ್ಟು ಮಂದವಾಗಿರುತ್ತದೆ ಎಂಬುದರ ಅಳತೆ. 30 ಎಂದಿದ್ದರೆ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್, 40 ಎಂದಿದ್ದರೆ 12.5ರಿಂದ 16.3, 50 ಎಂದಿದ್ದರೆ 16.3ರಿಂದ 21.9.

ಮಂದವಾದಷ್ಟೂ ಒಳ್ಳೆಯದೇ?

ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಸಣ್ಣ ಸಂದಿಯಲ್ಲಿ ಆಯಿಲ್ ಪದರವಾಗಿ ನಿಂತು ಲೋಹಕ್ಕೆ ಲೋಹ ತಾಗದಂತೆ ಕಾಯುತ್ತದೆ. ತೀರಾ ತೆಳುವಾದರೆ ಆ ಪದರ ಒಡೆಯುತ್ತದೆ. ತೀರಾ ಮಂದವಾದರೆ ಕಿರಿದಾದ ಸಂದಿಗಳಲ್ಲಿ ಸಾಕಷ್ಟು ಹರಿಯುವುದಿಲ್ಲ, ಪಂಪಿಗೆ ಹೊರೆಯಾಗುತ್ತದೆ, ಮೈಲೇಜೂ ಇಳಿಯುತ್ತದೆ. ಈಗಿನ ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ವಾಲ್ವ್ ಟೈಮಿಂಗ್ ಬದಲಾಗುವುದೂ ಆಯಿಲ್ ಒತ್ತಡದಿಂದಲೇ. ಆದ್ದರಿಂದ ಅವುಗಳಿಗೆ 0ಡಬ್ಲ್ಯೂ-20, 5ಡಬ್ಲ್ಯೂ-30ನಂಥ ತೆಳು ಆಯಿಲ್ ಹೇಳಿರುತ್ತಾರೆ.

ರಾಯಚೂರಿನಲ್ಲಿ 42 ಡಿಗ್ರಿ ಬಿಸಿಲಿದ್ದರೂ ಕಾರಿನ ಕೂಲೆಂಟ್, ಥರ್ಮೋಸ್ಟಾಟ್ ಸೇರಿ ಎಂಜಿನ್ನಿನ ಕಾವನ್ನು ಹದ್ದಿನಲ್ಲಿಡುತ್ತವೆ. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ಹೊರಗಿನ ಬಿಸಿ ಹೆಚ್ಚು ತಟ್ಟುತ್ತದೆ. ರಾಯಲ್ ಎನ್‌ಫೀಲ್ಡ್‌ನ 350 ಸಿಸಿ ಬೈಕುಗಳಿಗೆ 15ಡಬ್ಲ್ಯೂ-50 ಹೇಳಿರುವುದು ಅಂಥ ಎಂಜಿನ್ನುಗಳನ್ನು ಲೆಕ್ಕಕ್ಕಿಟ್ಟೇ.

ಅಂಕಿ ಒಂದೇ, ಅಕ್ಷರ ಬೇರೆ

ಹೋಂಡಾ ಆಕ್ಟಿವಾಕ್ಕೂ ಹೀರೋ ಸ್ಪ್ಲೆಂಡರ್‌ಗೂ 10ಡಬ್ಲ್ಯೂ-30 ಆಯಿಲ್ಲೇ. ಆದರೆ ಡಬ್ಬಿಯ ಮೇಲೆ ಜಾಸೋ ಎಂಬ ಜಪಾನಿ ಮಾನದಂಡದ ಅಕ್ಷರವೂ ಇರುತ್ತದೆ: ಸ್ಕೂಟರಿಗೆ ಬೇಕಾದ್ದು ಜಾಸೋ ಎಂಬಿ, ಬೈಕಿಗೆ ಜಾಸೋ ಎಂಎ. ಗೇರ್ ಬೈಕಿನಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಜಾರಿಕೆ ಹೆಚ್ಚಿಸುವ ರಾಸಾಯನಿಕವಿರುವ ಎಂಬಿ ಅಥವಾ ಕಾರಿನ ಆಯಿಲ್ ಸುರಿದರೆ ಕ್ಲಚ್ ಪ್ಲೇಟು ಜಾರಲು ಶುರುವಾಗಬಹುದು. ಜೊತೆಗೆ, ಕಾವೇರಿದಾಗ ಆಯಿಲ್ ತೀರಾ ತೆಳುವಾಗದಂತೆ ಬೆರೆಸಿರುವ ಪಾಲಿಮರನ್ನು ಗೇರಿನ ಹಲ್ಲುಗಳು ದಿನಗಳೆದಂತೆ ಅರೆದುಹಾಕುತ್ತವೆ. ಆಗ ಒಳ್ಳೆಯ ಆಯಿಲ್ಲೂ ತೆಳುವಾಗುತ್ತದೆ. ಹೇಳಿದ ಕಿಲೋಮೀಟರಿಗೆ ಬದಲಿಸಬೇಕಾದ ಕಾರಣಗಳಲ್ಲಿ ಇದೂ ಒಂದು.

ಹಳೆಯ ಗಾಡಿ ನೀಲಿ ಹೊಗೆ ಬಿಟ್ಟು ಆಯಿಲ್ ಕುಡಿಯುತ್ತಿದ್ದರೆ ಮಂದ ಆಯಿಲ್ ಸುರಿದು ಸುಮ್ಮನಾಗಬೇಡಿ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಸವೆದಿರಬಹುದು, ಮೊದಲು ಅದನ್ನು ನೋಡಿಸಿ. ಸರ್ವಿಸಿಗೆ ಬಿಡುವ ಮುನ್ನ ಗಾಡಿಯ ಜೊತೆ ಬಂದ ಕೈಪಿಡಿ ತೆರೆದು ಗ್ರೇಡ್, ಎಪಿಐ ದರ್ಜೆ (ಆಯಿಲ್ಲಿನ ಗುಣಮಟ್ಟದ ಗುರುತು), ಬೈಕು ಅಥವಾ ಸ್ಕೂಟರಾದರೆ ಜಾಸೋ ಗುರುತು ಬರೆದುಕೊಳ್ಳಿ. ಅದನ್ನೇ ಮೆಕ್ಯಾನಿಕ್‌ಗೆ ಹೇಳಿ, ಸೀಲ್ ಒಡೆಯುವ ಮೊದಲು ಡಬ್ಬಿಯನ್ನು ಕಣ್ಣಾರೆ ನೋಡಿ.