95 ಹಾಕಿಸಲೋ, 100 ಹಾಕಿಸಲೋ?

ಬಂಕ್‌ಗಳಲ್ಲಿ ಸಾದಾ ಪೆಟ್ರೋಲ್ ಪಂಪಿನ ಪಕ್ಕದಲ್ಲೇ ಇನ್ನೊಂದು ಪಂಪು ಇರುತ್ತದೆ. ಮೈಮೇಲೆ 95, 99 ಅಥವಾ 100 ಎಂಬ ದಪ್ಪ ಅಂಕಿ, ಲೀಟರಿಗೆ ಹೆಚ್ಚಿನ ದರ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ100 ಬಿಡುಗಡೆ ಮಾಡಿದಾಗ ದೆಹಲಿಯಲ್ಲಿ ಅದರ ಬೆಲೆ ಲೀಟರಿಗೆ 160 ರೂಪಾಯಿ ಇತ್ತು. ಅಷ್ಟು ದುಡ್ಡು ಸುರಿದ ಮೇಲೆ ಗಾಡಿ ಹಾರಬೇಕು, ಮೈಲೇಜೂ ಏರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಕೆಲವು ಕಾರುಗಳಲ್ಲಿ ಸ್ವಲ್ಪ ಮಟ್ಟಿಗೆ ಹಾಗಾಗುವುದೂ ಉಂಟು. ಬಹುಪಾಲು ಕಾರುಗಳಲ್ಲಿ ಏನೂ ಆಗುವುದಿಲ್ಲ. ಏಕೆಂದರೆ ಆ ಅಂಕಿಗೂ ಪೆಟ್ರೋಲಿನ ಕಸುವಿಗೂ ನೇರ ಸಂಬಂಧವೇ ಇಲ್ಲ. ಪೆಟ್ರೋಲು ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳದೆ ಎಷ್ಟು ಒತ್ತಡ, ಎಷ್ಟು ಕಾವು ತಡೆದೀತು ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ತಡೆಯುವ ಗುಣವನ್ನು ಬಳಸಿಕೊಳ್ಳಬೇಕಾದದ್ದು ಎಂಜಿನ್ ಕಟ್ಟಿದವರು. ಅವರು ಬಳಸಿಕೊಂಡಿರದಿದ್ದರೆ ನಾವು ಕೊಟ್ಟ ಹೆಚ್ಚಿನ ದುಡ್ಡು ಹೊಗೆಯ ಜೊತೆಗೇ ಹೋಯಿತು.

ಬಳಸಿಕೊಂಡವರ ಕೆಲಸ ನೋಡಬೇಕೆಂದರೆ ಟೊಯೊಟಾ 86 ಎಂಬ ಸ್ಪೋರ್ಟ್ಸ್ ಕೂಪೆಯನ್ನು ನೋಡಬೇಕು. ಸುಬಾರು ಬಿಆರ್‌ಝಡ್ ಅದರ ಅವಳಿ. ನಮ್ಮ ಶೋರೂಮ್‌ಗಳಿಗೆ ಇವು ಬರಲಿಲ್ಲ. ಜಪಾನ್, ಅಮೆರಿಕಗಳಲ್ಲಿ 2012ರಿಂದ ಓಡುತ್ತಿವೆ. ಎರಡನ್ನೂ ಕಟ್ಟಿದ್ದು ಜಪಾನಿನ ಗುನ್ಮಾ ಪ್ರಾಂತದ ಸುಬಾರು ಕಾರ್ಖಾನೆಯಲ್ಲಿ. ಮೊದಲ ತಲೆಮಾರಿನ ಕಾರಿನ ಎಂಜಿನ್ 1998 ಸಿಸಿಯದು, ನಾಲ್ಕು ಸಿಲಿಂಡರು, ಎರಡೆರಡು ಎದುರುಬದುರಾಗಿ ಮಲಗಿರುವ ಬಾಕ್ಸರ್ ಮಾದರಿ. ಸಿಲಿಂಡರಿನ ವ್ಯಾಸ 86 ಮಿಲಿಮೀಟರು, ಪಿಸ್ಟನ್ ಓಡಾಡುವ ದೂರವೂ 86 ಮಿಲಿಮೀಟರು. ಕಾರಿನ ಹೆಸರಿಗೂ ಅಳತೆಗೂ ಹೀಗೆ ಗಂಟು ಹಾಕಿದ್ದರಲ್ಲಿ ಒಂದಿಷ್ಟು ಹುಡುಗಾಟಿಕೆ ಇದೆ, ಇರಲಿ. ನಮಗೆ ಬೇಕಾದ ಅಂಕಿ ಬೇರೆ: ಕಂಪ್ರೆಶನ್ ರೇಶಿಯೊ 12.5. ಅಂದರೆ ಒಳಗೆಳೆದುಕೊಂಡ ಗಾಳಿ ಮತ್ತು ಪೆಟ್ರೋಲನ್ನು ಪಿಸ್ಟನ್ ಮೇಲೇರಿ ಹನ್ನೆರಡೂವರೆಯಲ್ಲಿ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಟರ್ಬೊ ಇಲ್ಲದೆ ಎರಡು ಲೀಟರಿನಿಂದ 200 ಅಶ್ವಶಕ್ತಿ ತೆಗೆದದ್ದರ ಹಿಂದೆ ಈ ಅದುಮುವಿಕೆಯ ಪಾಲು ದೊಡ್ಡದು.

ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು. ಪುಸ್ತಕದ ಆದರ್ಶ ಎಂಜಿನ್ನಿನ ಲೆಕ್ಕದಲ್ಲಿ ರೇಶಿಯೊ 10ರಿಂದ 12.5ಕ್ಕೆ ಏರಿದರೆ ಶೇಕಡಾ 5-6ರಷ್ಟು ಲಾಭ. ಹಾಗಾದರೆ ಎಲ್ಲರೂ 15ಕ್ಕೋ 20ಕ್ಕೋ ಅದುಮಬಹುದಿತ್ತಲ್ಲ? ಆಗುವುದಿಲ್ಲ. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ಸ್ಪಾರ್ಕ್ ಪ್ಲಗ್ ಇಲ್ಲದೆ ಓಡುವುದೇ ಆ ಬಿಸಿಯ ಬಲದಿಂದ. ಪೆಟ್ರೋಲ್ ಎಂಜಿನ್ನಿನಲ್ಲಿ ಮಾತ್ರ ಬೆಂಕಿ ಪ್ಲಗ್ ಬಳಿಯೇ ಶುರುವಾಗಿ, ಅಲ್ಲಿಂದ ಕ್ರಮವಾಗಿ ಸಿಲಿಂಡರಿನ ಅಂಚಿನವರೆಗೆ ಹರಡಬೇಕು. ಹೀಗೆ ಹರಡುತ್ತಿರುವ ಬೆಂಕಿ ತನ್ನ ಮುಂದಿನ ಅನಿಲವನ್ನು ಇನ್ನಷ್ಟು ಒತ್ತುತ್ತದೆ, ಇನ್ನಷ್ಟು ಕಾಯಿಸುತ್ತದೆ. ಅಂಚಿನಲ್ಲಿ ಸಿಕ್ಕಿಕೊಂಡ ಆ ಕೊನೆಯ ಪಾಲು ತಾಳಲಾರದೆ ಒಮ್ಮೆಗೇ ಭಗ್ ಎಂದರೆ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದಕ್ಕೇ. ಏರಿನಲ್ಲಿ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದಾಗ ಹಳೆಯ ಕಾರುಗಳ ಬಾನೆಟ್ ಒಳಗಿಂದ ಕಿಟಿಕಿಟಿ ಎಂದು ಬರುತ್ತಿತ್ತಲ್ಲ, ಅದೇ ಸದ್ದು. ಸ್ವಲ್ಪವಾದರೆ ಕಿರಿಕಿರಿ, ಹೆಚ್ಚಾದರೆ ಪಿಸ್ಟನ್ನಿಗೇ ಪೆಟ್ಟು.

ಇಲ್ಲಿಂದ ಮುಂದಿನದು ನಾಜೂಕಿನ ಕೆಲಸ. ಉಯ್ಯಾಲೆ ತೂಗುವವರಿಗೆ ಗೊತ್ತು, ಅದು ಹಿಂದಕ್ಕೆ ಬಂದು ತುದಿ ಮುಟ್ಟಿ ಮುಂದಕ್ಕೆ ತಿರುಗಿದ ಗಳಿಗೆಯಲ್ಲೇ ತಳ್ಳಬೇಕು. ಮೊದಲೇ ತಳ್ಳಿದರೆ ಕೈಗೆ ಪೆಟ್ಟು, ತಡವಾದರೆ ತಳ್ಳಿದ್ದು ವ್ಯರ್ಥ. ಪಿಸ್ಟನ್ನಿನ ವಿಷಯವೂ ಅಷ್ಟೆ. ಅದು ಮೇಲಿನ ತುದಿ ದಾಟಿ ಕ್ರ್ಯಾಂಕ್ ಸುಮಾರು 15 ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡ ಅತಿ ಹೆಚ್ಚಿರಬೇಕು. ಬೆಂಕಿ ಹರಡುವುದಕ್ಕೆ ಸಮಯ ಬೇಕಲ್ಲ, ಹಾಗಾಗಿ ಕಿಡಿಯನ್ನು ಅದಕ್ಕೂ ಮೊದಲೇ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಹಾರಿಸಬೇಕು. ಈ ಎಂಜಿನ್ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ 7000 ಸುತ್ತಿನಲ್ಲಿ. ಆಗ ಒಂದು ಸುತ್ತಿಗೆ ಸಿಗುವ ಸಮಯ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ಮಿತಿಯವರೆಗೆ ಕಿಡಿ ಬೇಗ ಹಾರಿದಷ್ಟೂ ಕಸುವು ಹೆಚ್ಚುತ್ತದೆ, ನಾಕಿಂಗ್ ಅಪಾಯವೂ ಹೆಚ್ಚುತ್ತದೆ. ಎಷ್ಟು ಸುತ್ತಿನಲ್ಲಿ, ಎಷ್ಟು ಭಾರದಲ್ಲಿ, ಎಷ್ಟು ಬಿಸಿಯಲ್ಲಿ ಕಿಡಿ ಎಷ್ಟು ಮುಂಚಿತವಾಗಿರಬೇಕು ಎಂದು ಎಂಜಿನಿಯರುಗಳು ಟೆಸ್ಟ್ ಬೆಂಚಿನ ಮೇಲೆ ಕೋಷ್ಟಕದ ಒಂದೊಂದೇ ಮನೆ ತುಂಬಿಸುತ್ತ ಹೋಗುತ್ತಾರೆ. ನಾಕಿಂಗ್ ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ಹೋಗಿ, ಒಂದೆರಡು ಡಿಗ್ರಿ ಹಿಂದೆ ಸರಿದು ನಿಲ್ಲುತ್ತಾರೆ. ಆ ಗಡಿಯನ್ನು ಗುರುತಿಸಿದ್ದು ಯಾವ ಪೆಟ್ರೋಲ್ ಹಾಕಿಕೊಂಡು ಎಂಬುದೇ ಕಾರಿನ ಪೆಟ್ರೋಲ್ ಮುಚ್ಚಳದ ಒಳಗೆ ಬರೆದಿರುವ ಅಂಕಿ.

86ರ ಕಟ್ಟುವಿಕೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಟೊಯೊಟಾದ ಡಿ-4ಎಸ್ ಎಂಬ ವ್ಯವಸ್ಥೆ. ಒಂದೊಂದು ಸಿಲಿಂಡರಿಗೂ ಎರಡೆರಡು ಇಂಜೆಕ್ಟರು. ಒಂದು ಗಾಳಿ ಬರುವ ದಾರಿಯಲ್ಲಿ ಪೆಟ್ರೋಲ್ ಚಿಮುಕಿಸುತ್ತದೆ, ಇನ್ನೊಂದು ನೇರವಾಗಿ ಸಿಲಿಂಡರಿನೊಳಕ್ಕೆ. ಒಳಗೆ ಬಿದ್ದ ಪೆಟ್ರೋಲು ಆವಿಯಾಗುವಾಗ ಅಲ್ಲಿನ ಗಾಳಿಯ ಕಾವನ್ನೇ ಹೀರಿಕೊಳ್ಳುತ್ತದೆ. ಗಾಳಿ ತಂಪಾದರೆ ನಾಕಿಂಗ್ ಗಡಿ ಅಷ್ಟು ದೂರ ಸರಿಯಿತು, 12.5ರವರೆಗೆ ಅದುಮಲು ಧೈರ್ಯ ಬಂತು. ಉರಿಯಬೇಕಾದ ಪೆಟ್ರೋಲಿನಿಂದಲೇ, ಅದು ಉರಿಯುವ ಮುಂಚೆ, ತಂಪು ಮಾಡುವ ಕೆಲಸವನ್ನೂ ಮಾಡಿಸಿಕೊಂಡಿದ್ದಾರೆ.

ಪಂಪಿನ ಮೇಲಿನ ಆ ಅಂಕಿಗೆ ಆಕ್ಟೇನ್ ಎಂದು ಹೆಸರು. ಅದನ್ನು ಅಳೆಯುವ ರೀತಿಯೂ ಸ್ವಾರಸ್ಯದ್ದು. 1926ರಲ್ಲಿ ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಎರಡು ದ್ರವಗಳನ್ನು ಆರಿಸಿದ. ಐಸೊಆಕ್ಟೇನ್ ಸುಲಭಕ್ಕೆ ನಾಕ್ ಆಗದು, ಅದಕ್ಕೆ 100. ಹೆಪ್ಟೇನ್ ಮುಟ್ಟಿದರೆ ನಾಕ್, ಅದಕ್ಕೆ ಸೊನ್ನೆ. ಶುದ್ಧ ಹೆಪ್ಟೇನ್ ಸಿಗುತ್ತಿದ್ದದ್ದು ಜೆಫ್ರಿ ಪೈನ್ ಎಂಬ ಮರದ ರಾಳವನ್ನು ಭಟ್ಟಿ ಇಳಿಸಿ. ಕಾರಿನ ಪೆಟ್ರೋಲ್ ಅಳೆಯುವ ಕೋಲಿನ ಒಂದು ತುದಿ ಹೀಗೆ ಕಾಡಿನಲ್ಲಿತ್ತು. ಇನ್ನು ಅಳೆಯುವ ಯಂತ್ರ. ಅಮೆರಿಕದ ವಾಕೆಶಾ ಕಂಪನಿ 1920ರ ದಶಕದ ಕೊನೆಯಲ್ಲಿ ಕಟ್ಟಿದ ಸಿಎಫ್ಆರ್ ಎಂಬ ಒಂಟಿ ಸಿಲಿಂಡರಿನ ಎಂಜಿನ್ ಅದು. ಅದೇ ವಿನ್ಯಾಸದ ಎಂಜಿನ್‌ಗಳು ರಿಫೈನರಿಗಳ ಲ್ಯಾಬುಗಳಲ್ಲಿ ಇಂದಿಗೂ ದುಡಿಯುತ್ತಿವೆ. ಓಡುತ್ತಿರುವಾಗಲೇ ಸಿಲಿಂಡರನ್ನು ಮೇಲಕ್ಕೆ ಕೆಳಕ್ಕೆ ಸರಿಸಿ ಕಂಪ್ರೆಶನ್ ಬದಲಾಯಿಸಬಹುದಾದ ಎಂಜಿನ್ನು!

ರಿಸರ್ಚ್ ಆಕ್ಟೇನ್, ಅಂದರೆ ರಾನ್ ಅಳೆಯುವಾಗ ಇದು ನಿಮಿಷಕ್ಕೆ ಬರೀ 600 ಸುತ್ತು ತಿರುಗುತ್ತದೆ. ಒಂದು ಬಟ್ಟಲಿನಲ್ಲಿ ಪರೀಕ್ಷೆಗೆ ಬಂದ ಪೆಟ್ರೋಲು, ಉಳಿದವುಗಳಲ್ಲಿ ಅಳತೆಯ ಮಿಶ್ರಣಗಳು. ಕೆಲಸಗಾರ ಮೊದಲು ಬಟ್ಟಲಿನ ಮಟ್ಟವನ್ನು ಚೂರುಚೂರೇ ಏರಿಳಿಸಿ, ಆ ಪೆಟ್ರೋಲು ಅತಿ ಹೆಚ್ಚು ನಾಕ್ ಆಗುವ ಹದವನ್ನು ಹುಡುಕುತ್ತಾನೆ. ಅಂದರೆ ಪ್ರತಿ ಪೆಟ್ರೋಲನ್ನೂ ಅದರ ಅತಿ ಕೆಟ್ಟ ಸ್ಥಿತಿಯಲ್ಲೇ ಅಳೆಯುವುದು. ಆಮೇಲೆ ಕವಾಟ ತಿರುಗಿಸಿ ಮಿಶ್ರಣಗಳಿಗೆ ಬದಲಾಯಿಸುತ್ತ ಮೀಟರಿನ ಮುಳ್ಳು ನೋಡುತ್ತಾನೆ. ಐಸೊಆಕ್ಟೇನ್ 95 ಪಾಲು, ಹೆಪ್ಟೇನ್ 5 ಪಾಲು ಇರುವ ಮಿಶ್ರಣದಷ್ಟೇ ನಾಕ್ ಬಂದರೆ ಆ ಪೆಟ್ರೋಲು 95. ಇದೇ ಎಂಜಿನ್ನನ್ನು 900 ಸುತ್ತಿನಲ್ಲಿ, ಮಿಶ್ರಣವನ್ನು 149 ಡಿಗ್ರಿಗೆ ಕಾಯಿಸಿ ಓಡಿಸಿದರೆ ಮೋಟರ್ ಆಕ್ಟೇನ್, ಅಂದರೆ ಮಾನ್ ಸಿಗುತ್ತದೆ. ಅದು ಸಾಮಾನ್ಯವಾಗಿ ರಾನ್‌ಗಿಂತ ಎಂಟ್ಹತ್ತು ಕಡಿಮೆ.

ಅಮೆರಿಕದಲ್ಲಿರುವ ನಮ್ಮವರು ಊರಿಗೆ ಬಂದಾಗ ಗೊಂದಲಕ್ಕೆ ಬೀಳುವುದು ಇಲ್ಲೇ. ಅಲ್ಲಿನ ಪಂಪುಗಳಲ್ಲಿ 87, 89, 91, 93. ಇಲ್ಲಿ 95, 99, 100. ಅಲ್ಲಿನದು ಕಳಪೆಯೇ? ಅಲ್ಲ. ಅಮೆರಿಕದಲ್ಲಿ ರಾನ್ ಮತ್ತು ಮಾನ್ ಎರಡರ ಸರಾಸರಿ ಬರೆಯುತ್ತಾರೆ, ನಮ್ಮಲ್ಲೂ ಜಪಾನಿನಲ್ಲೂ ರಾನ್ ಮಾತ್ರ. ಬಿಎಸ್-6 ನಿಯಮ ಬಂದಾಗ ನಮ್ಮ ಸಾದಾ ಪೆಟ್ರೋಲಿನ ಕನಿಷ್ಠ ಮಿತಿ ರಾನ್ 91, ಮಾನ್ 81 ಇತ್ತು. ಸರಾಸರಿ 86, ಹೆಚ್ಚುಕಡಿಮೆ ಅಲ್ಲಿನ 87ರ ಜಾತಿ. ಕ್ಯಾಲಿಫೋರ್ನಿಯಾದ 91ರ ಪ್ರೀಮಿಯಂ ನಮ್ಮ 95ರ ಆಸುಪಾಸು. 86 ಕೂಪೆ ಬೇಡುವುದು ಆ ಪ್ರೀಮಿಯಂ ದರ್ಜೆಯನ್ನೇ. ಜಪಾನಿನವರಾದರೆ ಹೈ-ಆಕ್ಟೇನ್ ಪಂಪಿಗೆ ಹೋಗುತ್ತಾರೆ.

ಕಡಿಮೆ ಅಂಕಿಯದನ್ನು ಹಾಕಿಬಿಟ್ಟರೆ ಏನಾಗುತ್ತದೆ? ಎಂಜಿನ್ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಎಂಬ ಸಣ್ಣ ಸಾಧನ ಅದನ್ನು ಪತ್ತೆ ಹಚ್ಚುತ್ತದೆ. 86 ಮಿಲಿಮೀಟರ್ ಸಿಲಿಂಡರಿನಲ್ಲಿ ನಾಕಿಂಗ್ ಅಲೆಗಳು ಸೆಕೆಂಡಿಗೆ ಸುಮಾರು 6500 ಸಲ ಕಂಪಿಸುತ್ತವೆ. ವಾಲ್ವುಗಳ ಟಕಟಕ, ರಸ್ತೆಯ ಗದ್ದಲ ಎಲ್ಲದರ ನಡುವೆ ಆ ಒಂದು ಸ್ವರವನ್ನು ಹೆಕ್ಕಿ ಕೇಳಿಸಿಕೊಂಡು ಅದು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಕಂಪ್ಯೂಟರು ಕಿಡಿಯನ್ನು ತಡ ಮಾಡುತ್ತದೆ. ಎಂಜಿನ್ ಉಳಿಯಿತು, ಆದರೆ ಉಯ್ಯಾಲೆಯನ್ನು ತಡವಾಗಿ ತಳ್ಳಿದಂತಾಯಿತು. ಅದೇ ಪೆಟ್ರೋಲಿನಿಂದ ಕಡಿಮೆ ಕೆಲಸ, ಕಡಿಮೆ ಮೈಲೇಜು.

ಎಷ್ಟು ಕಡಿಮೆ? ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2017ರಲ್ಲಿ ಪ್ರೀಮಿಯಂ ಶಿಫಾರಸು ಮಾಡಿದ, ಆದರೆ ಕಡ್ಡಾಯ ಮಾಡದ ಕೆಲವು ಕಾರುಗಳನ್ನು ಪರೀಕ್ಷಿಸಿತು. ಮಸ್ಟಾಂಗ್ ಜಿಟಿ ಕೂಪೆಯೂ ಅವುಗಳಲ್ಲಿತ್ತು. ಪ್ರೀಮಿಯಂ ಹಾಕಿದಾಗ ಮೈಲೇಜು ಸರಾಸರಿ ಶೇ. 2.7, ಶಕ್ತಿ ಶೇ. 1.4 ಹೆಚ್ಚಿತು. ದರದ ವ್ಯತ್ಯಾಸ ಮಾತ್ರ ಶೇ. 20ಕ್ಕೂ ಮೇಲೆ. ಲೆಕ್ಕ ನೀವೇ ಹಾಕಿಕೊಳ್ಳಿ. ಸಾದಾ ಪೆಟ್ರೋಲು ಸಾಕು ಎಂದಿರುವ ಕಾರುಗಳಲ್ಲಿ ಅದೇ ಸಂಘ ಅದಕ್ಕೂ ಒಂದು ವರ್ಷ ಮೊದಲು ಹುಡುಕಿದಾಗ ಪ್ರಯೋಜನವೇ ಕಾಣಲಿಲ್ಲ.

ಅಂಕಿ ಏರಿದರೂ ಮೈಲೇಜು ಇಳಿಯಬಹುದು ಎಂಬುದಕ್ಕೆ ನಮ್ಮ ಇ20 ಪೆಟ್ರೋಲಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎಥನಾಲ್‌ನ ರಾನ್ ಸುಮಾರು 108. ಶೇ. 20 ಬೆರೆಸಿದ ಪೆಟ್ರೋಲಿನ ಅಂಕಿ 95ಕ್ಕೆ ಏರುತ್ತದೆ. ಆದರೆ ಲೀಟರ್ ಲೆಕ್ಕದಲ್ಲಿ ಎಥನಾಲ್‌ನಲ್ಲಿರುವ ಶಾಖ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಇ20ಯ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6-7ರಷ್ಟು ಶಾಖ ಕೊರತೆ. ಹೆಚ್ಚು ಅದುಮುವ, ಕಿಡಿಯನ್ನು ಬೇಗ ಹಾರಿಸುವ ಎಂಜಿನ್ನಾದರೆ ಏರಿದ ಅಂಕಿಯಿಂದ ಅದರಲ್ಲಿ ಸ್ವಲ್ಪವನ್ನಾದರೂ ವಾಪಸು ಗಳಿಸಿಕೊಳ್ಳುತ್ತದೆ. 91ಕ್ಕೆ ಹದ ಮಾಡಿದ ಹಳೆಯ ಎಂಜಿನ್ ಏನನ್ನು ಗಳಿಸೀತು?

ಎತ್ತರದ ಊರುಗಳದು ಇನ್ನೊಂದು ತಮಾಷೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಸಿಲಿಂಡರಿಗೆ ಬರುವ ಗಾಳಿಯೂ ಅಷ್ಟು ಕಡಿಮೆ, ಹಾಗಾಗಿ ಟರ್ಬೊ ಇಲ್ಲದ ಎಂಜಿನ್ನಿಗೆ ನಾಕಿಂಗ್ ಕಾಟವೂ ಕಡಿಮೆ. ಇನ್ನೂ ಎತ್ತರದ ಡೆನ್ವರ್‌ನಲ್ಲಿ ಇದೇ ನೆಪದಲ್ಲಿ 85ನ್ನೇ ಸಾದಾ ಪೆಟ್ರೋಲೆಂದು ಮಾರುತ್ತ ಬಂದಿದ್ದಾರೆ. ಕಾರ್ಬ್ಯುರೇಟರ್ ಕಾಲಕ್ಕೆ ಅದು ಸರಿಯಿತ್ತು. ಈಗಿನ ಕಂಪ್ಯೂಟರು ಆ ಸಡಿಲವನ್ನು ತಾನೇ ಬಳಸಿಕೊಂಡು ಕಿಡಿಯನ್ನು ಮುಂದಕ್ಕೆ ತರುತ್ತದೆ, ಟರ್ಬೊ ಕಾರಾದರೆ ಗಾಳಿಯ ಕೊರತೆಯನ್ನು ಟರ್ಬೊ ತುಂಬಿಸಿಕೊಳ್ಳುತ್ತದೆ. ಆದ್ದರಿಂದ ಎತ್ತರದಲ್ಲಿದ್ದೇವೆಂದು ಅಂಕಿ ಇಳಿಸುವುದು ಬೇಡ.

ಮೈಲೇಜನ್ನೇ ಹುಡುಕುವವರು 86ರ ಗೇರ್‌ಬಾಕ್ಸ್ ಕಡೆ ನೋಡಬೇಕು. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ 2013ರ ಮ್ಯಾನುಯಲ್ ಕಾರು ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 30 ಮೈಲಿ ಕೊಟ್ಟಿತು, ಆಟೊಮ್ಯಾಟಿಕ್ 34. ನಮ್ಮ ಲೆಕ್ಕದಲ್ಲಿ ಲೀಟರಿಗೆ ಹನ್ನೆರಡೂಮುಕ್ಕಾಲು ಮತ್ತು ಹದಿನಾಲ್ಕೂವರೆ ಕಿಲೋಮೀಟರ್. ಆಟೊಮ್ಯಾಟಿಕ್ ಎಂದರೆ ಪೆಟ್ರೋಲ್ ಕುಡಿಯುತ್ತದೆ ಎಂಬ ಹಳೆಯ ಮಾತು ಇಲ್ಲಿ ತಲೆಕೆಳಗು. ಮ್ಯಾನುಯಲ್‌ನ ಆರನೇ ಗೇರಿನ ಅನುಪಾತ 0.767, ಆಟೊಮ್ಯಾಟಿಕ್‌ನದು 0.582. ಅದೇ ವೇಗದಲ್ಲಿ ಎಂಜಿನ್ ಕಾಲು ಭಾಗದಷ್ಟು ಕಡಿಮೆ ಸುತ್ತುತ್ತದೆ. ಒಂದು ಗೇರಿನ ಹಲ್ಲುಗಳಿಂದ ಬಂದ ಉಳಿತಾಯ ಆಕ್ಟೇನ್ ತಂದುಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಂತ ಮ್ಯಾನುಯಲ್ ಕಾರಿನವರು ನಲವತ್ತರ ವೇಗದಲ್ಲೇ ಆರನೇ ಗೇರ್ ಹಾಕಿ ಏರು ಎಳೆಸಬಾರದು. ಕಡಿಮೆ ಸುತ್ತು, ಪೂರ್ತಿ ಒತ್ತಿದ ಆಕ್ಸಿಲರೇಟರು, ಇವೆರಡೂ ಸೇರಿದರೆ ಕೊನೆಯ ಪಾಲಿನ ಅನಿಲಕ್ಕೆ ಬೇಯಲು ಬೇಕಾದಷ್ಟು ಸಮಯ ಸಿಗುತ್ತದೆ. 100ರ ಪೆಟ್ರೋಲ್ ಹಾಕಿಸಿ ನಾಕಿಂಗ್ ತಡೆಯುವುದಕ್ಕಿಂತ ಒಂದು ಗೇರ್ ಇಳಿಸುವುದು ಅಗ್ಗ.

ಕಾರಿನ ಪುಸ್ತಕ 95 ಎಂದಿದ್ದರೆ 95 ಹಾಕಿಸಿ. ‘ಶಿಫಾರಸು’ ಎಂದು ಬರೆದಿದ್ದರೆ ಬೇಸಿಗೆಗೆ, ಘಾಟಿಗೆ, ಟ್ರ್ಯಾಕಿಗೆ ಮೇಲಿನ ಅಂಕಿ; ಟ್ರಾಫಿಕ್ಕಿನಲ್ಲಿ ತೆವಳುವ ದಿನಗಳಿಗೆ ಸಾದಾ ನಡೆಯುತ್ತದೆ. ‘ಕಡ್ಡಾಯ’ ಎಂದಿದ್ದರೆ ಚೌಕಾಸಿ ಬೇಡ. ನಿಮ್ಮ ಕಾರಿಗೆ ನಿಜಕ್ಕೂ ವ್ಯತ್ಯಾಸ ಆಗುತ್ತದೆಯೇ ಎಂದು ತಿಳಿಯುವ ಕುತೂಹಲವಿದ್ದರೆ ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿಯನ್ನು ಪಕ್ಕಕ್ಕಿಡಿ. ಒಂದೇ ಬಂಕಿನ ಒಂದೇ ಪಂಪಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಎಂದಿನ ದಾರಿಯಲ್ಲೇ ಓಡಿಸಿ, ಮತ್ತೆ ಅಲ್ಲೇ ತುಂಬಿಸಿ ಭಾಗಿಸಿ. ಹಳೆಯ ಪೆಟ್ರೋಲು ಟ್ಯಾಂಕಿನ ತಳದಲ್ಲಿ ಉಳಿದಿರುವುದರಿಂದ, ಕಂಪ್ಯೂಟರಿಗೂ ಹೊಸದನ್ನು ಅರಿತುಕೊಳ್ಳಲು ಸಮಯ ಬೇಕಾದ್ದರಿಂದ, ಮೊದಲ ಟ್ಯಾಂಕಿನ ಲೆಕ್ಕವನ್ನು ಬಿಟ್ಟು ಎರಡನೆಯದರಿಂದ ಶುರು ಮಾಡಿ.